ಸಾಲಿನಲ್ಲಿ ಒಂದು ಮರ ಇಲ್ಲದಿದ್ದರೆ

(ಮಳೆಗಾಲದ ಒಂದು ಸಂಜೆ ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸುತ್ತಲಿನ ಊರುಗಳ ಅಡಿಕೆ ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರರಿಂದ ಶುರು ಮಾಡುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರರು ಬೆಳಗ್ಗೆ ಮೊದಲ ಮರ ಹತ್ತಿದರೆ ಬಹಳ ಹೊತ್ತು ನೆಲ ಮುಟ್ಟುತ್ತಿರಲಿಲ್ಲ. ಒಂದು ಮರದ ಕೊನೆ ಕೊಯ್ದು, ಆ ಮರವನ್ನೇ ತೂಗಿ ಬಾಗಿಸಿ, ಪಕ್ಕದ ಮರದ ಕೊರಳನ್ನು ಕೈಯಲ್ಲಿ ಹಿಡಿದು ದಾಟಿಬಿಡುತ್ತಿದ್ದರು. ಕೆಳಗೆ ಹಗ್ಗ ಹಿಡಿದು ನಿಂತಿರುತ್ತಿದ್ದ ನನಗೆ ಕುತ್ತಿಗೆ ನೋಯುವಷ್ಟು ಹೊತ್ತು ಅದನ್ನೇ ನೋಡುವುದು ಸಂಭ್ರಮ. ಮರಗಳು ಒಂಬತ್ತು ಅಡಿಗೆ ಒಂದರಂತೆ, ಹಗ್ಗ ಹಿಡಿದು ಗೂಟ ಹೊಡೆದು ನೆಟ್ಟ ಚೌಕದ ಸಾಲು. ನಡುವೆ ಎಲ್ಲೋ ಒಂದು ಮರ ಸಿಡಿಲಿಗೆ ಹೋಗಿದ್ದರೆ ಕೊನೆಗಾರರು ಬಳಸಿಕೊಂಡು ಇನ್ನೊಂದು ಸಾಲಿನಿಂದ ಮುಂದೆ ಹೋಗುತ್ತಿದ್ದರು. ಹತ್ತು ಮರ ಹೋಗಿದ್ದರೂ ದಾರಿ ಸಿಗುತ್ತಿತ್ತು.

ಹಾಗಾದರೆ ಎಷ್ಟು ಮರ ಹೋದರೆ ದಾರಿ ಪೂರ್ತಿ ಕಡಿಯುತ್ತದೆ? ನಾಲ್ಕು ದಿಕ್ಕಿಗೂ ಒಂದೊಂದು ನೆರೆಮರವಿರುವ ಬಹಳ ದೊಡ್ಡ ಚೌಕದ ತೋಟದಲ್ಲಿ ಮರಗಳು ಅಲ್ಲೊಂದು ಇಲ್ಲೊಂದು ಎಂದು ಗೊತ್ತುಗುರಿಯಿಲ್ಲದೆ ಸತ್ತರೆ, ನೂರಕ್ಕೆ ಸುಮಾರು 41 ಹೋಗುವವರೆಗೆ ತೋಟದ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಹೋಗುವ ದಾರಿ ಉಳಿದಿರುತ್ತದೆ. ಅಲ್ಲಿಂದಾಚೆಗೆ ತೋಟ ಚೂರುಚೂರಾಗಿ ಒಡೆಯುತ್ತದೆ. ಈ 41 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಾತು ಮುಗಿಯುವ ಹೊತ್ತಿಗೆ ಒಂದು ನಿಜವಾದ ವಸ್ತುವಿನೊಳಗೆ ಅದು ಮತ್ತೆ ಎದುರಾಗುತ್ತದೆ.

ನಾನು ಎಂ.ಎಸ್ಸಿ. ಓದುವಾಗ ಘನವಸ್ತುಗಳ ಪಾಠ ‘ಪರಿಪೂರ್ಣ ಸ್ಫಟಿಕವೊಂದನ್ನು ಭಾವಿಸಿಕೊಳ್ಳಿ’ ಎಂದೇ ಆರಂಭವಾಗುತ್ತಿತ್ತು. ಪರಮಾಣುಗಳೆಲ್ಲ ಒಂದೂ ತಪ್ಪದೆ ಸಾಲಾಗಿ ನಿಂತಿರುವ ಸ್ಫಟಿಕ. ಬೆರಕೆ, ಖಾಲಿ ಜಾಗ, ಸಾಲು ತಪ್ಪಿದ ಪರಮಾಣು ಇವೆಲ್ಲ ಕೊನೆಯ ಅಧ್ಯಾಯಕ್ಕೆ ಬಿಟ್ಟ ವಿಷಯಗಳು. ಪರೀಕ್ಷೆ ಹತ್ತಿರ ಬಂದಾಗ ಆ ಅಧ್ಯಾಯವನ್ನು ಯಾರೂ ಮುಟ್ಟುತ್ತಿರಲಿಲ್ಲ. ತೋಟದ ಮನೆಯಿಂದ ಹೋದ ನನಗೆ ಇದು ಆಗಲೇ ಸರಿಕಾಣಲಿಲ್ಲ. ಒಂದೂ ಮರ ತಪ್ಪದ ತೋಟವನ್ನು ನಾನು ಕಂಡಿರಲಿಲ್ಲ. ಅಧ್ಯಾಪಕನಾದ ಮೇಲೆ ಆ ಕೊನೆಯ ಅಧ್ಯಾಯವೇ ನನ್ನನ್ನು ಹಿಡಿದುಕೊಂಡಿತು, ಇಂದಿಗೂ ಬಿಟ್ಟಿಲ್ಲ.

ಇಂದು ಎರಡು ಬಗೆಯ ಕ್ರಮಗಳ ಬಗ್ಗೆ ಹೇಳುತ್ತೇನೆ. ಒಂದು ಕಾಂತೀಯ ಕ್ರಮ. ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. 770 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅವು ನೆರೆಹೊರೆಯವರೊಡನೆ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಕೆಲವು ವಸ್ತುಗಳಲ್ಲಿ ಒಂದು ಮೇಲೆ, ಪಕ್ಕದ್ದು ಕೆಳಗೆ ಎಂದು ಎದುರುಬದುರಾಗಿ ನಿಲ್ಲುತ್ತವೆ. ಅದೂ ಕ್ರಮವೇ. ಇನ್ನೊಂದು ಅತಿವಾಹಕ ಕ್ರಮ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಅವರ ಪ್ರಯೋಗಾಲಯದಲ್ಲಿ ಪಾದರಸವನ್ನು 4.2 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಕ್ಕೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಎಲೆಕ್ಟ್ರಾನುಗಳು ಎರಡೆರಡಾಗಿ ಜೋಡಿಯಾಗಿ, ಆ ಜೋಡಿಗಳೆಲ್ಲ ಒಂದೇ ಲಯ ಹಿಡಿಯುವುದರಿಂದ ಹೀಗಾಗುತ್ತದೆ ಎಂದು 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ತೋರಿಸಿಕೊಟ್ಟರು.

ಈ ಕ್ರಮಗಳೊಳಗೆ ಬೆರಕೆ ಸೇರಿದರೆ ಏನಾಗುತ್ತದೆ? ‘ಎಷ್ಟು ಬೆರಕೆ?’ ಎಂದು ಕೇಳುವುದು ನಮ್ಮೆಲ್ಲರ ಅಭ್ಯಾಸ. ಆ ಪ್ರಶ್ನೆ ಅರ್ಧ ಮಾತ್ರ ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ಯಾವ ಬಗೆಯ ಬೆರಕೆ, ಯಾವ ಬಗೆಯ ಕ್ರಮದೊಳಗೆ ಎಂದು ಕೇಳದೆ ಪ್ರಮಾಣವನ್ನಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ.

ಮೊದಲು ಕೈಗೆ ಸಿಗುವ ಪ್ರಯೋಗ. ಮೇಜಿನ ಮೇಲೆ ಎರಡು ವಸ್ತುಗಳಿವೆ. ಒಂದು, ಮನೆ ಕಟ್ಟುವವರು ಕಂಬಿ ಬಿಗಿಯಲು ಬಳಸುವ ಮೆತ್ತಗಿನ ಕಟ್ಟುತಂತಿಯ ಸಣ್ಣ ಕಂತೆ. ಇನ್ನೊಂದು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡ್. ಎರಡನ್ನೂ ಒಂದೇ ಅಯಸ್ಕಾಂತದಿಂದ ಒಂದೇ ದಿಕ್ಕಿಗೆ ಇಪ್ಪತ್ತು ಸಲ ಉಜ್ಜುತ್ತೇನೆ. ಅಯಸ್ಕಾಂತ ತಾಗಿಕೊಂಡಿರುವವರೆಗೆ ತಂತಿಯ ಕಂತೆ ಗುಂಡುಸೂಜಿಗಳನ್ನು ಗೊಂಚಲು ಗೊಂಚಲಾಗಿ ಎತ್ತುತ್ತದೆ, ಅದನ್ನು ತೆಗೆದೊಡನೆ ಹೆಚ್ಚಿನವು ಉದುರಿಹೋಗುತ್ತವೆ. ಬ್ಲೇಡು ಹಾಗಲ್ಲ. ಅಯಸ್ಕಾಂತವನ್ನು ದೂರ ಇಟ್ಟರೂ ಸೂಜಿಗಳು ಅದಕ್ಕೆ ಕಚ್ಚಿಕೊಂಡೇ ಇರುತ್ತವೆ. ಎರಡೂ ಹೆಚ್ಚುಪಾಲು ಕಬ್ಬಿಣವೇ. ಆದರೆ ಬ್ಲೇಡಿನ ಉಕ್ಕಿನಲ್ಲಿ ಇಂಗಾಲವಿದೆ, ಕಾಸಿ ತಟ್ಟನೆ ತಣಿಸಿದ್ದರಿಂದ ಉಂಟಾದ ಸೆಡವು, ಬಿಗಿತಗಳಿವೆ. ಅಂದರೆ ಸಾಲುಗಳು ಒಳಗೆಲ್ಲ ತಪ್ಪಿವೆ.

ಕಬ್ಬಿಣದೊಳಗೆ ಒಂದೇ ದಿಕ್ಕಿಗೆ ಮುಖ ಮಾಡಿದ ಪರಮಾಣುಗಳ ಪ್ರದೇಶಗಳಿರುತ್ತವೆ. ಎರಡು ಪ್ರದೇಶಗಳ ನಡುವೆ ಒಂದು ಗಡಿ. ಹೊರಗಿನಿಂದ ಅಯಸ್ಕಾಂತ ತಂದಾಗ ಈ ಗಡಿ ಸರಿಯುತ್ತದೆ, ಒಂದು ಪ್ರದೇಶ ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಮೆತ್ತಗಿನ ಕಬ್ಬಿಣದಲ್ಲಿ ಗಡಿ ಸಲೀಸಾಗಿ ಹೋಗುತ್ತದೆ, ಅಷ್ಟೇ ಸಲೀಸಾಗಿ ವಾಪಸು ಬರುತ್ತದೆ. ಉಕ್ಕಿನಲ್ಲಿ ಬೆರಕೆಯ ಕಣಗಳು ಗಡಿಯನ್ನು ಅಲ್ಲಲ್ಲಿ ಹಿಡಿದು ನಿಲ್ಲಿಸುತ್ತವೆ. ಒಮ್ಮೆ ಸರಿದ ಗಡಿಗೆ ಹಿಂದಿರುಗುವುದು ಕಷ್ಟ. ಶಾಶ್ವತ ಅಯಸ್ಕಾಂತ ಎಂದು ನಾವು ಕರೆಯುವುದು ಹೀಗೆ ಗಡಿಗಳು ಸಿಕ್ಕಿಹಾಕಿಕೊಂಡಿರುವ ವಸ್ತುವನ್ನೇ. 1923ರಲ್ಲಿ ಕೆಲಸ ಶುರು ಮಾಡಿದ ನಮ್ಮ ಭದ್ರಾವತಿಯ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆದು ಮುಂದೆ ಮಿಶ್ರ ಉಕ್ಕುಗಳಿಗೆ ಹೆಸರಾಯಿತು. ಕಬ್ಬಿಣಕ್ಕೆ ಏನನ್ನು, ಎಷ್ಟು, ಯಾವಾಗ ಬೆರೆಸಬೇಕು ಎಂಬ ತಿಳಿವಳಿಕೆಯೇ ಆ ಕಸುಬು.

ಗಡಿಗಳು ಸಿಕ್ಕಿಕೊಂಡು ಬಿಡಿಸಿಕೊಳ್ಳುವುದನ್ನು ಕಿವಿಯಿಂದಲೇ ಕೇಳಬಹುದು. 1919ರಲ್ಲಿ ಜರ್ಮನಿಯ ಹೈನ್ರಿಕ್ ಬಾರ್ಕ್‌ಹೌಸನ್ ಇದನ್ನು ಕಂಡುಕೊಂಡರು. ಕೆಲವು ಸಾವಿರ ಸುತ್ತಿನ ತಾಮ್ರದ ಸುರುಳಿಯೊಳಗೆ ಕಬ್ಬಿಣದ ತುಂಡು ಇಟ್ಟು, ಸುರುಳಿಯ ತುದಿಗಳನ್ನು ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗೆ ಜೋಡಿಸಿ, ಅಯಸ್ಕಾಂತವನ್ನು ನಿಧಾನವಾಗಿ ಹತ್ತಿರ ತಂದರೆ ಸಾಕು. ಅಂದು ಸಭೆಯಲ್ಲಿ ಇದನ್ನು ಮಾಡಿದಾಗ ಎಲ್ಲರೂ ಮೌನವಾಗಿ ಆಲಿಸಿದರು. ಒಣಗಿದ ಅಡಿಕೆ ಹಾಳೆಯ ಮೇಲೆ ಮೊದಲ ಮಳೆಹನಿಗಳು ಬಿದ್ದಂಥ ಸದ್ದು: ಚಟ್, ಚಟಚಟ, ಮತ್ತೆ ನಿಶ್ಶಬ್ದ, ಮತ್ತೆ ಒಂದು ದೊಡ್ಡ ಚಟ್. ಒಂದೊಂದು ಸದ್ದೂ ಗಡಿಯ ಒಂದು ತುಣುಕು ಯಾವುದೋ ಅಡ್ಡಿಯಿಂದ ಕಳಚಿಕೊಂಡು ಮುಂದಿನ ಅಡ್ಡಿಯವರೆಗೆ ಜಿಗಿದದ್ದು. ನಾನು ಕೈಯನ್ನು ಎಷ್ಟೇ ಸಮನಾಗಿ ಸರಿಸಿದರೂ ಒಳಗಿನ ಬದಲಾವಣೆ ಸಮನಾಗಿ ಆಗುವುದಿಲ್ಲ.

ಇಲ್ಲಿಯವರೆಗೆ ಬೆರಕೆ ಕ್ರಮವನ್ನು ಹಿಡಿದಿಟ್ಟಿತು, ಕೆಡಿಸಲಿಲ್ಲ. ಇನ್ನು ಕ್ರಮವೇ ಹುಟ್ಟದಂತೆ ಮಾಡುವ ಬೆರಕೆ. ತಾಮ್ರಕ್ಕೆ ನೂರಕ್ಕೆ ಕೆಲವು ಪಾಲು ಮ್ಯಾಂಗನೀಸ್ ಸೇರಿಸಿ. ಮ್ಯಾಂಗನೀಸ್ ಪರಮಾಣುಗಳು ಪುಟ್ಟ ಅಯಸ್ಕಾಂತಗಳು, ಒಂದಕ್ಕೊಂದು ದೂರದಲ್ಲಿ ಎಲ್ಲೆಂದರಲ್ಲಿ ಕೂತಿವೆ. ಒಂದರ ಪ್ರಭಾವ ಇನ್ನೊಂದಕ್ಕೆ ತಾಮ್ರದ ಎಲೆಕ್ಟ್ರಾನುಗಳ ಮೂಲಕ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂತೆ ತಲುಪುತ್ತದೆ. ಅಲೆಯ ಉಬ್ಬು ತಲುಪಿದಲ್ಲಿ ‘ನನ್ನಂತೆ ನಿಲ್ಲು’ ಎಂಬ ಒತ್ತಾಯ, ತಗ್ಗು ತಲುಪಿದಲ್ಲಿ ‘ನನಗೆ ಎದುರಾಗಿ ನಿಲ್ಲು’ ಎಂಬ ಒತ್ತಾಯ. ಇದರ ಫಲ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಕಂಡದ್ದೇ. ಒಬ್ಬರ ಮುಖ ಒಬ್ಬರು ನೋಡದ ಮೂವರು ದಾಯಾದಿಗಳು ಊಟಕ್ಕೆ ಬಂದಿದ್ದಾರೆ, ಹಾಕಿರುವುದು ಎರಡೇ ಪಂಕ್ತಿ. ಹೇಗೆ ಕೂರಿಸಿದರೂ ಯಾರೋ ಇಬ್ಬರು ಒಂದೇ ಪಂಕ್ತಿಗೆ ಬರುತ್ತಾರೆ. ಎಲ್ಲರಿಗೂ ಒಪ್ಪುವ ವ್ಯವಸ್ಥೆ ಇಲ್ಲವೇ ಇಲ್ಲ. ಅಷ್ಟಿಷ್ಟು ಅಸಮಾಧಾನ ಉಳಿಸುವ, ಹೆಚ್ಚುಕಡಿಮೆ ಸಮಾನವಾದ ವ್ಯವಸ್ಥೆಗಳು ಮಾತ್ರ ಎಷ್ಟೋ ಇವೆ.

ಎಲೆಕ್ಟ್ರಾನನ್ನೂ ಪರಮಾಣುವನ್ನೂ ಪುಟ್ಟ ಅಯಸ್ಕಾಂತವಾಗಿಸುವ ಗುಣಕ್ಕೆ ಸ್ಪಿನ್ ಎನ್ನುತ್ತಾರೆ, ಇಂಥ ವಸ್ತುವಿಗೆ ಸ್ಪಿನ್ ಗಾಜು ಎಂದು ಹೆಸರು. ಗಾಜಿನ ಪರಮಾಣುಗಳಿಗೆ ಸಾಲಿಲ್ಲದಿದ್ದರೂ ಅವು ಹೇಗೆ ಇದ್ದಲ್ಲೇ ಗಟ್ಟಿಯಾಗಿವೆಯೋ, ಇಲ್ಲಿ ಆ ಪುಟ್ಟ ಅಯಸ್ಕಾಂತಗಳು ದಿಕ್ಕುದಿಕ್ಕಿಗೆ ತಿರುಗಿದ ಹಾಗೆಯೇ ಹೆಪ್ಪುಗಟ್ಟುತ್ತವೆ. 1972ರಲ್ಲಿ ಕ್ಯಾನೆಲ್ಲಾ ಮತ್ತು ಮಿಡೋಷ್ ಚಿನ್ನದಲ್ಲಿ ಕಬ್ಬಿಣ ಬೆರೆಸಿದ ತುಣುಕುಗಳನ್ನು ತಣಿಸುತ್ತಾ ಹೋದಾಗ ಒಂದು ನಿರ್ದಿಷ್ಟ ತಾಪದಲ್ಲಿ ಅದರ ಕಾಂತೀಯ ಸ್ಪಂದನೆ ಚೂಪಾದ ಶಿಖರ ತೋರಿಸಿತು. ಇದನ್ನು ಲೆಕ್ಕಕ್ಕೆ ಹಿಡಿಯುವ ಗಣಿತವನ್ನು 1979ರ ಸುಮಾರಿಗೆ ಕಟ್ಟಿಕೊಟ್ಟ ಇಟಲಿಯ ಜಾರ್ಜಿಯೋ ಪರೀಸಿ ಅವರಿಗೆ 2021ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಅದರ ವಯಸ್ಸು. ತಣಿಸಿ ಒಂದು ಗಂಟೆ ಬಿಟ್ಟು ಅಳೆದರೆ ಒಂದು ಉತ್ತರ, ಒಂದು ದಿನ ಬಿಟ್ಟು ಅಳೆದರೆ ಬೇರೊಂದು. ಕಾದ ಹೊತ್ತನ್ನು ಲೋಹದ ತುಂಡೊಂದು ನೆನಪಿಟ್ಟುಕೊಂಡಿರುತ್ತದೆ.

ಈಗ ಅತಿವಾಹಕಗಳಿಗೆ ಬರೋಣ. ಬೆರಕೆಯ ಪರಮಾಣುವಿಗೆ ಎಲೆಕ್ಟ್ರಾನ್ ಡಿಕ್ಕಿ ಹೊಡೆದು ದಾರಿ ತಪ್ಪುತ್ತದೆ. ದಾರಿ ತಪ್ಪಿದರೆ ಜೋಡಿ ಮುರಿಯಬೇಕಲ್ಲವೇ? ಹಾಗೆ ಎಣಿಸುವುದು ಸಹಜ. 1959ರಲ್ಲಿ ಫಿಲಿಪ್ ಆಂಡರ್ಸನ್ ಇಲ್ಲ ಎಂದರು. ಅವರ ವಾದವನ್ನು ಆಗುಂಬೆ ಘಾಟಿಯಲ್ಲಿ ನಿಂತು ಹೇಳುತ್ತೇನೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಒಂದು ಬಸ್ ಇಳಿಯುತ್ತಿದೆ, ಇನ್ನೊಂದು ಅದೇ ವೇಗದಲ್ಲಿ ಏರುತ್ತಿದೆ. ಇಳಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಿಂದುಮುಂದಾಗಿ ಓಡಿಸಿದರೆ ಅದೇ ಏರುವ ಬಸ್ಸಿನ ಚಿತ್ರ. ಅತಿವಾಹಕದ ಜೋಡಿಯೂ ಹೀಗೆಯೇ: ಒಂದರ ಚಲನೆಯನ್ನು ಕಾಲದಲ್ಲಿ ಹಿಂದೆ ತಿರುಗಿಸಿದರೆ ಇನ್ನೊಂದು. ದಾರಿ ನೇರವಾಗಿರಬೇಕೆಂಬ ನಿಯಮವೇನೂ ಇಲ್ಲ. ಹದಿನೈದನೆಯ ತಿರುವೊಂದು ಸೇರಿದರೂ ಇಳಿಯುವವರು ಏರುವವರು ಇಬ್ಬರೂ ಅದನ್ನೇ ಬಳಸುತ್ತಾರೆ, ಜೋಡಿ ಕೆಡುವುದಿಲ್ಲ. ಕಾಂತೀಯ ಗುಣವಿಲ್ಲದ ಬೆರಕೆ ಅಂಥ ಒಂದು ತಿರುವು ಅಷ್ಟೇ. ಶುದ್ಧ ನಿಯೋಬಿಯಂ ಲೋಹ ಅತಿವಾಹಕವಾಗುವುದು 9.2 ಕೆಲ್ವಿನ್‌ನಲ್ಲಿ. ತಂತಿ ಎಳೆಯಲು ಬಳಸುವ ನಿಯೋಬಿಯಂ-ಟೈಟಾನಿಯಂ ಮಿಶ್ರಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ಪರಮಾಣುಗಳು ಟೈಟಾನಿಯಂ, ಯಾವುದು ಎಲ್ಲಿ ಕೂತಿದೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೂ ಅದು ಅತಿವಾಹಕವಾಗುವುದು ಸುಮಾರು 9 ಕೆಲ್ವಿನ್‌ನಲ್ಲೇ.

ಆದರೆ ತಿರುವಿನಲ್ಲಿ ಒಂದು ಗೇಟು ನಿಲ್ಲಿಸಿ, ಇಳಿಯುವವರಿಗೆ ಒಂದು ನಿಯಮ, ಏರುವವರಿಗೆ ಇನ್ನೊಂದು ನಿಯಮ ಮಾಡಿ ನೋಡಿ. ಆಗ ಹಿಂದುಮುಂದಾಗಿ ಓಡಿಸಿದ ಚಿತ್ರ ನಿಜದ ಬಸ್ಸಿಗೆ ಹೊಂದುವುದಿಲ್ಲ. ಕಾಂತೀಯ ಪರಮಾಣು ಇಂಥ ಗೇಟು. ಜೋಡಿಯ ಎರಡು ಎಲೆಕ್ಟ್ರಾನುಗಳ ಸ್ಪಿನ್ ಎದುರುಬದುರು. ಕಾಂತೀಯ ಪರಮಾಣು ಒಂದನ್ನು ಒಂದು ರೀತಿ, ಇನ್ನೊಂದನ್ನು ಬೇರೆ ರೀತಿ ನಡೆಸಿಕೊಳ್ಳುತ್ತದೆ. 1958ರಲ್ಲೇ ಮಥಾಯಸ್ ಮತ್ತು ಸಂಗಡಿಗರು ಲ್ಯಾಂಥನಮ್ ಲೋಹಕ್ಕೆ ಗ್ಯಾಡೊಲಿನಿಯಂ ಬೆರೆಸಿ ಇದನ್ನು ಕಂಡಿದ್ದರು. ನೂರಕ್ಕೆ ಸುಮಾರು ಒಂದು ಪಾಲು ಸಾಕಾಯಿತು, ಅತಿವಾಹಕತೆ ಅಳಿದುಹೋಯಿತು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಬೆರೆಸಿದರೂ ಜಗ್ಗದ ಕ್ರಮ ಇಲ್ಲಿ ಒಂದೇ ಪಾಲಿಗೆ ಮುಗಿಯಿತು.

ಬೆರಕೆ ಕಾಂತೀಯವಲ್ಲದಿದ್ದರೂ ಮಿತಿಮೀರಿದರೆ ಆಂಡರ್ಸನ್ನರ ಮಾತು ನಿಲ್ಲುವುದಿಲ್ಲ. ಅಂಥಲ್ಲಿ ಎಲೆಕ್ಟ್ರಾನ್ ಹರಿಯುವುದನ್ನೇ ಬಿಟ್ಟು ಇದ್ದಲ್ಲೇ ಬಂಧಿಯಾಗುತ್ತದೆ ಎಂದು ತೋರಿಸಿದ್ದವರೂ ಆಂಡರ್ಸನ್ನರೇ, 1958ರಲ್ಲಿ. ತೆಳ್ಳನೆಯ ಪದರಗಳಲ್ಲಿ ಈ ಬಂಧನ ಹೇಗೆ ಗಟ್ಟಿಯಾಗುತ್ತದೆ ಎಂಬ ಸಿದ್ಧಾಂತವನ್ನು 1979ರಲ್ಲಿ ರೂಪಿಸಿದ ನಾಲ್ವರಲ್ಲಿ ಒಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಕಲಿಸಿದ ಟಿ. ವಿ. ರಾಮಕೃಷ್ಣನ್. ಇಂಥ ಪದರ ಅತಿವಾಹಕವಾಗಿದ್ದರೆ ಒಳಗೆ ಏನಾಗುತ್ತದೆ? ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ ಉಳಿದದ್ದನ್ನು ಸಾಗರ ತಾಲ್ಲೂಕಿನ ಕಡೆಯವರು ಬಲ್ಲರು. 1998ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಅಮಿತ್ ಘೋಷಾಲ್, ಮೋಹಿತ್ ರಂದೇರಿಯಾ ಮತ್ತು ನಂದಿನಿ ತ್ರಿವೇದಿ ಮಾಡಿದ ಲೆಕ್ಕಾಚಾರ ಅದನ್ನೇ ತೋರಿಸಿತು: ಜೋಡಿಗಳು ಅಲ್ಲಲ್ಲಿ ದ್ವೀಪಗಳಾಗಿ ಗುಂಪುಗೂಡುತ್ತವೆ, ನಡುವೆ ಜೋಡಿಗಳು ವಿರಳವಾದ ಹರವು. ಸೇತುವೆ ಬರುವ ಮೊದಲು ಸಿಗಂದೂರಿಗೆ ಲಾಂಚ್ ಬೇಕಿತ್ತು. ಲಾಂಚ್ ನಿಂತ ದಿನ ಆಚೆ ದಡದಲ್ಲಿ ಬದುಕು ನಿಲ್ಲುತ್ತಿರಲಿಲ್ಲ, ಈಚೆಗೆ ಬರಲು ಆಗುತ್ತಿರಲಿಲ್ಲ ಅಷ್ಟೇ. ಹಾಗೆಯೇ ಪ್ರತಿ ದ್ವೀಪದಲ್ಲೂ ಜೋಡಿಗಳಿರುತ್ತವೆ, ಆದರೆ ದ್ವೀಪದಿಂದ ದ್ವೀಪಕ್ಕೆ ಲಯ ಕೂಡದಿದ್ದರೆ ರೋಧ ಸೊನ್ನೆಯಾಗುವುದಿಲ್ಲ. ಜೋಡಿಯಾಗುವುದು ಬೇರೆ, ಲಯ ಕೂಡುವುದು ಬೇರೆ. ಶುದ್ಧ ಲೋಹದಲ್ಲಿ ಎರಡೂ ಒಟ್ಟಿಗೇ ಆಗುವುದರಿಂದ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಅವನ್ನು ಬಿಡಿಸಿ ತೋರಿಸಿದ್ದು ಬೆರಕೆ.

ಬೆರಕೆ ಇಲ್ಲದೆ ನಡೆಯದ ಕೆಲಸವೂ ಒಂದಿದೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಎಂಆರ್‌ಐ ಮಾಡಿಸಿಕೊಂಡವರು ಇಲ್ಲಿ ಹಲವರಿದ್ದೀರಿ. 1.5 ಟೆಸ್ಲಾದ ಯಂತ್ರವೆಂದರೆ ಭೂಮಿಯ ಕಾಂತಕ್ಷೇತ್ರದ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಆ ಕ್ಷೇತ್ರವನ್ನು ಹುಟ್ಟಿಸುವುದು ದ್ರವ ಹೀಲಿಯಂನಲ್ಲಿ ತಣಿದ, ನಾನು ಆಗಲೇ ಹೇಳಿದ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ. ಇಂಥ ಅತಿವಾಹಕದೊಳಗೆ ಕಾಂತಕ್ಷೇತ್ರ ಸುಳಿಗಳಾಗಿ ನುಗ್ಗುತ್ತದೆ ಎಂದು 1957ರಲ್ಲಿ ರಷ್ಯಾದ ಅಲೆಕ್ಸಿ ಅಬ್ರಿಕೊಸೊವ್ ಹೇಳಿದ್ದರು. ಪ್ರತಿ ಸುಳಿಯೂ ಒಂದೇ ಅಳತೆಯ ಕಾಂತಪ್ರವಾಹವನ್ನು ಹೊತ್ತಿರುತ್ತದೆ, 2.07 × 10⁻¹⁵ ವೆಬರ್. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಂತಿಯಲ್ಲಿ ವಿದ್ಯುತ್ ಹರಿದಾಗ ಈ ಸುಳಿಗಳ ಮೇಲೆ ಅಡ್ಡಲಾಗಿ ಬಲ ಬೀಳುತ್ತದೆ. ಸುಳಿ ಸರಿದರೆ ಶಕ್ತಿ ವ್ಯಯ, ಶಕ್ತಿ ವ್ಯಯವೆಂದರೆ ರೋಧ. ಅಂದರೆ ಒಂದೂ ಕುಂದಿಲ್ಲದ ಶುದ್ಧ ಸ್ಫಟಿಕದಲ್ಲಿ ಸುಳಿಗಳು ಅಡೆತಡೆಯಿಲ್ಲದೆ ಸರಿದು, ಅತಿವಾಹಕ ತನ್ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳುವುದೇ ಇಲ್ಲ!

ಜುಲೈನಲ್ಲಿ ಉಕ್ಕಿ ಹರಿಯುವ ತುಂಗೆಯನ್ನು ನೋಡಿ. ನಟ್ಟನಡುವಿನ ಸುಳಿಗಳು ತೇಲಿಹೋಗುತ್ತವೆ, ಬಂಡೆಯ ಹಿಂದಿನ ಸುಳಿ ಮಾತ್ರ ದಿನವಿಡೀ ಅಲ್ಲೇ ಗಿರಗಿರನೆ ತಿರುಗುತ್ತಿರುತ್ತದೆ. ತಂತಿ ತಯಾರಿಸುವವರು ಅಂಥ ಬಂಡೆಗಳನ್ನು ಬೇಕೆಂದೇ ಇಡುತ್ತಾರೆ. ಮಿಶ್ರಲೋಹವನ್ನು ಕಾಸುವುದು, ಎಳೆಯುವುದು, ಮತ್ತೆ ಕಾಸುವುದು, ಮತ್ತೆ ಎಳೆಯುವುದು. ಆಗ ಟೈಟಾನಿಯಂ ಬೇರ್ಪಟ್ಟು, ಕೆಲವೇ ನ್ಯಾನೋಮೀಟರ್ ದಪ್ಪದ ಪಟ್ಟಿಗಳಾಗಿ ತಂತಿಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ಸುಳಿಗಳು ಅಲ್ಲಿ ಕಚ್ಚಿಕೊಳ್ಳುತ್ತವೆ. ಒಮ್ಮೆ ಹರಿಯಬಿಟ್ಟ ವಿದ್ಯುತ್ತು ವರ್ಷಗಟ್ಟಲೆ ತಾನಾಗಿಯೇ ಸುತ್ತುತ್ತಿರುತ್ತದೆ. ಬ್ಲೇಡಿನೊಳಗೆ ಸಿಕ್ಕಿಕೊಂಡ ಗಡಿಯೂ ತಂತಿಯೊಳಗೆ ಸಿಕ್ಕಿಕೊಂಡ ಸುಳಿಯೂ ಒಂದೇ ಭೌತಶಾಸ್ತ್ರದ ಮಕ್ಕಳು.

ಕೊನೆಯದಾಗಿ, ಮೊದಲೇ ಹೇಳಿದ ಸಂಖ್ಯೆ ಎದುರಾಗುವ ವಸ್ತು. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಅತಿವಾಹಕತೆಯನ್ನು ಕಂಡದ್ದರಿಂದ ಆರಂಭವಾದ ತಾಮ್ರದ ಆಕ್ಸೈಡುಗಳ ಕುಲದಲ್ಲಿ ಸರಳವಾದವುಗಳಲ್ಲಿ ಒಂದು ಲ್ಯಾಂಥನಮ್, ತಾಮ್ರ ಮತ್ತು ಆಮ್ಲಜನಕ ಸೇರಿದ ಸಂಯುಕ್ತ. ಅದರ ಪದರಗಳಲ್ಲಿ ತಾಮ್ರದ ಪರಮಾಣುಗಳು ಚೌಕದ ಸಾಲಿನಲ್ಲಿ ನಿಂತಿವೆ, ನಮ್ಮ ತೋಟದ ಹಾಗೆಯೇ. ಸುಮಾರು 325 ಕೆಲ್ವಿನ್‌ಗಿಂತ ಕೆಳಗೆ ಅವುಗಳ ಸ್ಪಿನ್‌ಗಳು ಒಂದು ಮೇಲೆ ಒಂದು ಕೆಳಗೆ ಎಂದು ಕ್ರಮಗೊಳ್ಳುತ್ತವೆ.

ಈಗ ಒಂದೊಂದೇ ತಾಮ್ರವನ್ನು ತೆಗೆದು, ಅಲ್ಲಿ ಸ್ಪಿನ್ ಇಲ್ಲದ ಸತುವು ಮತ್ತು ಮೆಗ್ನೀಸಿಯಂ ಪರಮಾಣುಗಳನ್ನು ಕೂರಿಸುತ್ತಾ ಹೋಗಿ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಕ್ರಮ ಅಳಿದದ್ದು ನೂರಕ್ಕೆ ಸುಮಾರು 41 ತಾಮ್ರ ಹೋದ ಮೇಲೆಯೇ. ಕೊನೆಗಾರರ ದಾರಿ ಕಡಿಯುವ ಅದೇ ಜಾಗ. ಖಾಲಿ ಜಾಗದ ಸುತ್ತ ಬಳಸಿಕೊಂಡು ಒಬ್ಬರಿಗೊಬ್ಬರು ದಿಕ್ಕು ತಿಳಿಸುವ ದಾರಿ ಉಳಿದಿರುವವರೆಗೆ ಕ್ರಮ ಉಳಿಯುತ್ತದೆ.

ಅದೇ ವಸ್ತುವಿನಲ್ಲಿ ತಾಮ್ರವನ್ನು ಮುಟ್ಟದೆ, ಪದರಗಳ ಆಚೆಗಿರುವ ಲ್ಯಾಂಥನಮ್ ಜಾಗದಲ್ಲಿ ಸ್ಟ್ರಾನ್ಷಿಯಂ ಹಾಕಿ. ತಾಮ್ರದ ಪದರದಲ್ಲಿ ಒಂದೊಂದು ಎಲೆಕ್ಟ್ರಾನ್ ಕೊರತೆಯಾಗುತ್ತದೆ. ಪ್ರತಿ ತಾಮ್ರಕ್ಕೆ 0.02ರಷ್ಟು ಕೊರತೆಯಾದರೆ ಸಾಕು, ಆ ಗಟ್ಟಿ ಕ್ರಮ ಇಲ್ಲವಾಗುತ್ತದೆ. ಖಾಲಿ ಜಾಗ ಇದ್ದಲ್ಲೇ ಇರುತ್ತದೆ. ಈ ಕೊರತೆ ಹಲವು ಪರಮಾಣುಗಳ ಮೇಲೆ ಹರಡಿಕೊಂಡು, ಓಡಾಡಿ, ಹೋದಲ್ಲೆಲ್ಲ ಸ್ಪಿನ್‌ಗಳ ಜೋಡಣೆಯನ್ನು ಕೆಡಿಸುತ್ತದೆ. ಬೀಳುಬಿಟ್ಟ ಕುಣಿಗೂ ತೋಟಕ್ಕೆ ನುಗ್ಗಿದ ಕಾಡುಕೋಣಕ್ಕೂ ಇರುವಷ್ಟು ವ್ಯತ್ಯಾಸ ಇದು. ಇನ್ನೂ ಸ್ಟ್ರಾನ್ಷಿಯಂ ಹಾಕಿ 0.15ಕ್ಕೆ ತಂದರೆ ವಸ್ತು ಸುಮಾರು 38 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಈಗ ಮತ್ತೆ ಸತುವನ್ನು ತನ್ನಿ. ಕಾಂತೀಯ ಕ್ರಮವನ್ನು ಅಲುಗಾಡಿಸಲು ಅಷ್ಟು ಕಷ್ಟಪಟ್ಟ ಅದೇ ಸತುವು, ನೂರಕ್ಕೆ ಸುಮಾರು ಮೂರು ಪಾಲಿಗೇ ಅತಿವಾಹಕತೆಯನ್ನು ಮುಗಿಸಿಬಿಡುತ್ತದೆ. ಸತುವು ಕಾಂತೀಯವಲ್ಲ, ಆಂಡರ್ಸನ್ನರ ಪ್ರಕಾರ ಏನೂ ಆಗಬಾರದಿತ್ತು. ಆದರೆ ಅವರ ವಾದಕ್ಕೆ ಒಂದು ಷರತ್ತಿತ್ತು, ಜೋಡಿ ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾಗಿರಬೇಕು. ಇಲ್ಲಿನ ಜೋಡಿಯ ಅಲೆಗೆ ನಾಲ್ಕು ಎಸಳು, ಕ್ರಮವಾಗಿ ಧನ, ಋಣ, ಧನ, ಋಣ. ಸತುವಿಗೆ ತಾಗಿದ ಎಲೆಕ್ಟ್ರಾನ್ ಧನದ ಎಸಳಿನಿಂದ ಋಣದ ಎಸಳಿಗೆ ಜಾರುತ್ತದೆ. ಜಮೆಯೂ ಖರ್ಚೂ ವಜಾ ಆಗಿ ಏನೂ ಉಳಿಯುವುದಿಲ್ಲ.

ಮಾತು ಮುಗಿದ ಮೇಲೆ ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಅತಿವಾಹಕವಾಗಬೇಕಾದರೆ ಸ್ಟ್ರಾನ್ಷಿಯಂ ಹಾಕಲೇಬೇಕು. ಆದರೆ ಅದೂ ಎಲ್ಲೆಂದರಲ್ಲಿ ಕೂತು ಬೆರಕೆಯೇ ಆಗುತ್ತದೆ. ಅದನ್ನೂ ಹಗ್ಗ ಹಿಡಿದು ಸಾಲಾಗಿ ನೆಡಲು ಆಗುವುದಿಲ್ಲವೇ?” ಅಂದು ಕೇಳಿದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದು.

ಸ್ಟ್ರಾನ್ಷಿಯಂ ಜೊತೆ ಅದು ಸುಲಭವಲ್ಲ. ಆದರೆ ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನಲ್ಲಿ ಆಗುತ್ತದೆ. ಅಲ್ಲಿ ಆ ಕೆಲಸ ಮಾಡುವುದು ಹೆಚ್ಚುವರಿ ಆಮ್ಲಜನಕ, ಅದು ಸಾಲುಗಳಲ್ಲೇ ಕೂರುತ್ತದೆ. ಹದವಾಗಿ, ತಾಳ್ಮೆಯಿಂದ ಕಾಸಿದರೆ ಒಂದು ಸಾಲು ತುಂಬಿ, ಮುಂದಿನ ಸಾಲು ಖಾಲಿ, ಅದರ ಮುಂದಿನದು ತುಂಬಿ, ಹೀಗೆ ತಾವಾಗಿ ಜೋಡಿಸಿಕೊಳ್ಳುತ್ತವೆ. ಕೆನಡಾದ ವ್ಯಾಂಕೂವರ್‌ನಲ್ಲಿ ಬೆಳೆಸಿದ ಇಂಥ ಹರಳುಗಳನ್ನು ಫ್ರಾನ್ಸಿನ ಟುಲೂಸ್‌ನಲ್ಲಿ 62 ಟೆಸ್ಲಾದವರೆಗಿನ ಕ್ಷೇತ್ರದಲ್ಲಿ ಇಟ್ಟು ಅಳೆದಾಗ, ಎಲೆಕ್ಟ್ರಾನುಗಳು ಮುಚ್ಚಿದ ಕಕ್ಷೆಗಳಲ್ಲಿ ಸುತ್ತುವುದರ ಸ್ಪಷ್ಟ ಆಂದೋಲನ ಮೊದಲ ಬಾರಿಗೆ ಕಂಡಿತು. ಅದು 2007, ಈ ಕುಲ ಪತ್ತೆಯಾಗಿ 21 ವರ್ಷಗಳ ನಂತರ. ಆ ಹರಳುಗಳನ್ನು ಬೆಳೆಸುವ ಮೂಸೆಗೆ ಬೇರಿಯಂ ಜಿರ್ಕೊನೇಟ್ ಎಂಬ ವಸ್ತುವನ್ನು ಬಳಸುತ್ತಾರೆ, ಏಕೆಂದರೆ ಅದು ಕರಗಿ ಹರಳಿನೊಳಗೆ ಸೇರುವುದಿಲ್ಲ, ಹರಳು ಶುದ್ಧವಾಗಿ ಉಳಿಯುತ್ತದೆ. ಇದೇ ಆಕ್ಸೈಡಿನಿಂದ ವಿದ್ಯುತ್ ಸಾಗಿಸುವ ಪಟ್ಟಿಗಳನ್ನು ತಯಾರಿಸುವವರೂ ಬೇರಿಯಂ ಜಿರ್ಕೊನೇಟನ್ನೇ ತರಿಸಿಕೊಳ್ಳುತ್ತಾರೆ. ಅವರು ಅದನ್ನು ನ್ಯಾನೋಮೀಟರ್ ಗಾತ್ರದ ಕಂಬಗಳಾಗಿ ಪಟ್ಟಿಯೊಳಗೆ ನೆಡುತ್ತಾರೆ, ಸುಳಿಗಳನ್ನು ಹಿಡಿದಿಡಲು.